ಕುರಿ ದರದ ಎಂಟು ಹಕ್ಕಿಗಳು

ನಾನು ಓದಿದ್ದು ಏಳನೇ ತರಗತಿಯವರೆಗೆ, ಅದೂ ಪಾಸಾಗಲಿಲ್ಲ. ಆದರೆ ನನ್ನ ಅಕ್ಷರ ದುಂಡಗಿದೆ. ನೋಡಿದವರು ಮೇಷ್ಟ್ರ ಅಕ್ಷರದ ಹಾಗಿದೆ ಎನ್ನುತ್ತಾರೆ. ಕಲಿಸಿದ್ದು ಮೇಷ್ಟ್ರಲ್ಲ, ನನ್ನ ಅಕ್ಕ.

ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪ ಮಂಡಿ ಮೊಹಲ್ಲಾದ ಸಗಟು ಅಂಗಡಿಯೊಂದರಲ್ಲಿ ಬೆಲ್ಲ ತೂಗುವ ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕ ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ಸಂಜೆ ಪಾತ್ರೆ ತೊಳೆದಾದ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು, ನನ್ನ ಕೈಯ ಮೇಲೆ ತನ್ನ ಒದ್ದೆ ಕೈಯಿಟ್ಟು ಸ್ಲೇಟಿನಲ್ಲಿ ತಿದ್ದಿಸುತ್ತಿದ್ದಳು. ಕಾಗುಣಿತ ಮುಗಿದ ಮೇಲೆ ಅವಳು ಬರೆಸಿದ ಮೊದಲ ಪೂರ್ತಿ ಪದ ಅಪ್ಪನ ಹೆಸರು. "ಇದೊಂದು ನೆಟ್ಟಗೆ ಬರಿಯಕ್ಕೆ ಬಂದ್ರೆ ಸಾಕು ಕಣೋ. ಎಲ್ಲೋದ್ರೂ ಮೊದ್ಲು ಕೇಳೋದು ಇದನ್ನೇ" ಎನ್ನುತ್ತಿದ್ದಳು.

ಆ ಅಕ್ಷರ ನೋಡಿಯೇ ನನಗೆ ಕೆಲಸ ಕೊಟ್ಟರು. ಊರಂಚಿನ ಕಸಾಯಿಖಾನೆಯ ಗೇಟಿನಲ್ಲಿ ಚೀಟಿ ಬರೆಯುವ ಕೆಲಸ. ಕುಯ್ಯಲು ತಂದ ಪ್ರತಿ ಪ್ರಾಣಿಗೂ ತಲೆಗಿಷ್ಟು ಎಂದು ಸರ್ಕಾರದ ಸುಂಕ ಇರುತ್ತದೆ. ಅದನ್ನು ವಸೂಲಿ ಮಾಡುವ ಗುತ್ತಿಗೆಯನ್ನು ಒಬ್ಬರು ಹಿಡಿದಿದ್ದರು, ನಾನು ಅವರ ಆಳು. ಗೇಟಿನ ಪಕ್ಕದ ಗೋಡೆಗೆ ದರದ ಬೋರ್ಡು. ಅದರ ಕೆಳಗೆ ಕಿಟಕಿ, ಕಿಟಕಿಯೊಳಗೆ ನಾನು. ಮೊದಲು ನನ್ನ ಹತ್ತಿರ ಸುಂಕ ಕಟ್ಟಿ ಚೀಟಿ ಮಾಡಿಸಬೇಕು. ಆಮೇಲೆ ಪಶುವೈದ್ಯರು ಪ್ರಾಣಿಯನ್ನು ನೋಡುತ್ತಾರೆ. ತನ್ನ ಕಾಲ ಮೇಲೆ ತಾನು ನಿಂತ ಪ್ರಾಣಿಯನ್ನು ಮಾತ್ರ ಒಳಗೆ ಬಿಡುತ್ತಾರೆ. ಕುಯ್ದ ಮೇಲೆ ಮಾಂಸಕ್ಕೆ ನೇರಳೆ ಮಸಿಯ ಸೀಲು ಬೀಳುತ್ತದೆ. ಸೀಲಿಲ್ಲದ ಮಾಂಸವನ್ನು ಒಳ್ಳೆಯ ಅಂಗಡಿಯವರು ಮುಟ್ಟುವುದಿಲ್ಲ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ನೆಂಟರಿಗೆಲ್ಲ ನಾನು ಮಾರ್ಕೆಟ್ಟಿನಲ್ಲಿ ಗೇಟ್ ನೋಡಿಕೊಳ್ಳುತ್ತೇನೆ ಎಂದು ಹೇಳಿಕೊಂಡು ಬಂದಿದ್ದೆ. ನಿಜ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಹೇಳಿದ ದಿನ ಅವಳು, "ಬರಿಯೋ ಕೈಗೆ ರಕ್ತ ಅಂಟಲ್ಲ ಬುಡು. ಆದ್ರೆ ಮನೆಗೆ ಬಂದು ಸ್ನಾನ ಮಾಡ್ದೆ ಪೂಜೆಗೆ ಮಾತ್ರ ಕೂರ್ಬೇಡ" ಎಂದಳು. ಮತ್ತೆ ಆ ಮಾತನ್ನು ಎತ್ತಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಅಕ್ಕನನ್ನು ಕೊಟ್ಟಿದ್ದು ಕೆಸರೆಗೆ. ಭಾವ ಬೇಗ ಹೋದರು, ಮಕ್ಕಳಾಗಿರಲಿಲ್ಲ. ಅವಳು ರವಿಕೆ ಹೊಲಿದು ಬದುಕುತ್ತಿದ್ದಳು. ಮನೆಯ ಹಿಂದೆ ಭಾವನ ಕಡೆಯಿಂದ ಬಂದ ಖಾಲಿ ಜಾಗವಿತ್ತು. ಆ ವರ್ಷಗಳಲ್ಲಿ ಎಲ್ಲ ಕಡೆ ಎಮು ಹಕ್ಕಿಯ ಹುಚ್ಚು. ಒಂದು ಕಂಪನಿಯವರು ಬಂದು, ಮರಿ ನಾವು ಕೊಡುತ್ತೇವೆ, ಸಾಕಿ, ಮೊಟ್ಟೆಯನ್ನು ನಾವೇ ಕೊಳ್ಳುತ್ತೇವೆ, ಎಣ್ಣೆ ಔಷಧಿಗೆ ಹೋಗುತ್ತದೆ ಎಂದೆಲ್ಲ ಹೇಳಿದರು. ಮಾಂಸದ ಮಾತನ್ನು ಅವಳ ಮುಂದೆ ಯಾರೂ ಆಡಲಿಲ್ಲ. ಆಡಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಪಟ್ಟೆಪಟ್ಟೆಯ ಮರಿಗಳು ಬಂದವು. ಎರಡು ವರ್ಷದಲ್ಲಿ ಆಳೆತ್ತರ ಆದವು. ಹಾರಲಾರದ ಹಕ್ಕಿ, ಕುದುರೆಯ ಹಾಗೆ ಓಡುತ್ತದೆ. ಹೆಣ್ಣು ಗಂಟಲೊಳಗೇ ತಮಟೆ ಬಡಿದ ಹಾಗೆ ಸದ್ದು ಮಾಡುತ್ತದೆ. ಮೊಟ್ಟೆ ಕಡು ಹಸಿರು. ಕಾವಿಗೆ ಕೂರುವುದು ಗಂಡು. ತಿಂಗಳುಗಟ್ಟಲೆ ಅನ್ನನೀರು ಬಿಟ್ಟು ಕೂತಿರುತ್ತದೆ. ಅಕ್ಕ ಅದನ್ನು ಪಕ್ಕದ ಮನೆಯ ಹೆಂಗಸರಿಗೆ ತೋರಿಸಿ, "ನೋಡ್ರಮ್ಮ, ನಿಮ್ ಯಜಮಾನ್ರನ್ನೆಲ್ಲ ಕರ್ಕೊಂಡ್ ಬಂದು ತೋರ್ಸಿ. ಕಲ್ತ್ಕೊಳ್ಲಿ" ಎಂದು ನಗುತ್ತಿದ್ದಳು. ಅವಳ ಕೊರಳಿನಲ್ಲಿ ಸದಾ ಅಳತೆ ಟೇಪು ಇರುತ್ತಿತ್ತು. ಹಕ್ಕಿಗಳಿಗೆ ಅದರ ಮೇಲೆ ಕಣ್ಣು. ಹಿಂದಿನಿಂದ ಬಂದು ಟೇಪಿನ ತುದಿಯನ್ನು ಕೊಕ್ಕಿನಿಂದ ಎಳೆಯುತ್ತಿದ್ದವು. ಅವಳು ಬೈಯುತ್ತಿದ್ದಳು, ಆದರೆ ಟೇಪನ್ನು ತೆಗೆದಿಟ್ಟು ಹೋದದ್ದನ್ನು ನಾನು ಕಂಡಿಲ್ಲ.

ಒಂದು ದಿನ ಕಂಪನಿಗೆ ಬೀಗ ಬಿತ್ತು. ಮೊಟ್ಟೆ ಕೊಳ್ಳುವವರಿಲ್ಲ. ಸುತ್ತಮುತ್ತ ಸಾಕಿದವರು ಹಕ್ಕಿಗಳನ್ನು ರಸ್ತೆಗೆ ಬಿಟ್ಟರು. ಅಕ್ಕ ಬಿಡಲಿಲ್ಲ. ರವಿಕೆ ಹೊಲಿದದ್ದೆಲ್ಲ ಮೇವಿಗೆ ಹೋಯಿತು. ಕೊನೆಗೆ ಎಂಟು ಉಳಿದವು. ಬೇಸಿಗೆ ಶುರುವಾಗುವ ಹೊತ್ತಿಗೆ ಅವಳು ಒಂದು ಹೊತ್ತು ಮಾತ್ರ ಊಟ ಮಾಡುತ್ತಿದ್ದಾಳೆ ಎಂಬುದು ನನಗೆ ಅವಳ ಬಳೆಗಳಿಂದ ಗೊತ್ತಾಯಿತು. ಮುಂಗೈಯಲ್ಲಿ ಇರಬೇಕಾದ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಯುಗಾದಿಗೆ ವಾರ ಇದ್ದಾಗ ಅವಳೇ ಬಾಯಿಬಿಟ್ಟಳು. ಮಂಡಿ ಮೊಹಲ್ಲಾದ ಮಟನ್ ಅಂಗಡಿಯ ಸಾಹೇಬರೊಬ್ಬರು, ಅಪ್ಪನ ಕಾಲದಿಂದ ಪರಿಚಯದವರು, ಹೊಸತೊಡಕಿಗೆ ಎಮು ಮಾಂಸ ತೆಗೆದುಕೊಳ್ಳುತ್ತೇನೆ ಎಂದಿದ್ದರಂತೆ. ಯುಗಾದಿಯ ಮಾರನೇ ದಿನ ನಮ್ಮ ಕಡೆ ಬಾಡೂಟದ ದಿನ. ಮಟನ್ ಬೆಲೆ ಆಕಾಶಕ್ಕೆ ಹೋಗುತ್ತದೆ, ಹೊಸ ಮಾಂಸವಾದರೂ ಜನ ಕೊಳ್ಳುತ್ತಾರೆ ಎಂದು ಅವರ ಲೆಕ್ಕ. ಷರತ್ತು ಎರಡೇ. ಬೆಳಗ್ಗೆ ಹತ್ತರೊಳಗೆ ಮಾಂಸ ಅಂಗಡಿಗೆ ಬರಬೇಕು, ಅದರ ಮೇಲೆ ಸೀಲಿರಬೇಕು.

"ಅವಕ್ಕೆ ಹಸ್ಕೊಂಡು ಸಾಯೋದ್ಕಿಂತ ಇದೇ ವಾಸಿ ಅಲ್ವೇನೋ?" ಎಂದು ಕೇಳಿದಳು. ನಾನು ಹೂಂ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ಲಿ ಏನ್ ಕಟ್ಬೇಕು? ಸುಂಕ ಗಿಂಕ?" ಎಂದಳು.

"ಹಕ್ಕಿಗೆ ಸುಂಕ ಇಲ್ಲಕ್ಕ. ಬೋರ್ಡಲ್ಲಿ ಬರೀ ಕುರಿ, ಮೇಕೆ ಇರೋದು. ಕೋಳಿಗೆ ಯಾರೂ ಕೇಳಲ್ಲ. ಇದೂ ಅಂಗೇ. ನೀನು ಸುಮ್ನೆ ಬಾ, ನಾನಿದೀನಲ್ಲ" ಎಂದೆ.

ನಾನಿದೀನಲ್ಲ ಎಂದು ನಾನೇ ಹೇಳಿದ್ದು.

ಹೊಸತೊಡಕಿನ ದಿನ ಕಸಾಯಿಖಾನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕುರಿ ತಂದವರ ಸಾಲು ರಸ್ತೆಯವರೆಗೆ ಹೋಗಿತ್ತು. ಅಂಥ ದಿನ ಕಂಟ್ರಾಕ್ಟರು ತಾವೇ ಬಂದು ನನ್ನ ಪಕ್ಕ ನಿಲ್ಲುತ್ತಿದ್ದರು. ಹಿಂದಿನ ತಿಂಗಳಷ್ಟೇ ನನ್ನ ಜೊತೆಯವನೊಬ್ಬ ತನ್ನ ಸೋದರಮಾವನ ಕುರಿಗಳನ್ನು ಚೀಟಿಯಿಲ್ಲದೆ ಒಳಗೆ ಬಿಟ್ಟನೆಂದು ಅವನನ್ನು ಕೆಲಸದಿಂದ ತೆಗೆದಿದ್ದರು.

ಏಳು ಗಂಟೆಗೆ ಅಕ್ಕನ ಲಗೇಜ್ ಆಟೋ ಬಂತು. ಹಿಂದೆ ಬಲೆ ಹೊದಿಸಿದ್ದರು. ಬಲೆಯ ಕಣ್ಣುಗಳಿಂದ ಎಂಟು ಕತ್ತುಗಳು ಮೇಲೆದ್ದು ನಾಲ್ಕೂ ದಿಕ್ಕಿಗೆ ತಿರುಗುತ್ತಿದ್ದವು. ಸಾಲಿನಲ್ಲಿದ್ದವರೆಲ್ಲ ನಗಲು ಶುರುಮಾಡಿದರು.

"ಅಯ್ಯೋ, ಏನಿದು? ಒಂಟೆ ಹೊಟ್ಟೇಲಿ ಕೋಳಿ ಹುಟ್ಟಿದ್ಯಾ?"

"ಒಂದು ಕಾಲು ತಗೊಂಡ್ರೆ ಇಡೀ ಬೀದಿಗೆ ಸಾರು ಕಣೋ!"

"ಆಯಮ್ಮನ್ ನೋಡ್ರೋ, ಇಭೂತಿ ಇಟ್ಕೊಂಡು ಬಂದವಳೆ. ಪೂಜೆ ಮಾಡಿಸ್ಕೊಂಡು ಓಗ್ತಾಳೇನೋ!"

ಅಕ್ಕ ಆಟೋದಿಂದ ಇಳಿದಳು. ಹಳೇ ಹತ್ತಿ ಸೀರೆ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಅಳತೆ ಟೇಪು. ಅದನ್ನು ತೆಗೆದಿಡುವುದು ಮರೆತಿತ್ತು. ನನ್ನ ಪಕ್ಕ ನಿಂತಿದ್ದ ಕಂಟ್ರಾಕ್ಟರು ಜೋರಾಗಿ ನಕ್ಕರು.

ನಾನೂ ನಕ್ಕೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಕೆಲಸ ಹೋಗುತ್ತದೆಂಬ ಭಯಕ್ಕೆ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಭಯ ಆಮೇಲೆ ಬಂದದ್ದು. ಮೊದಲು ಬಂದದ್ದು ನಾಚಿಕೆ. ಅವರೆಲ್ಲ ನಗುತ್ತಿದ್ದ ಆ ಹೆಂಗಸು ನನ್ನವಳು ಎಂದು ಗೊತ್ತಾಗಬಾರದು ಎನಿಸಿತು.

ಅಕ್ಕ ನಾನು ನಕ್ಕದ್ದನ್ನು ನೋಡಿದಳು. ಕಿಟಕಿಗೆ ಬಂದು ನಿಂತಳು. ನಾನು ಚೀಟಿ ಪುಸ್ತಕದಿಂದ ತಲೆಯೆತ್ತದೆ, "ಏನಮ್ಮಾ, ಲೈನಲ್ಲಿ ಬರ್ಬೇಕು" ಎಂದೆ.

ಅವಳು ಸಾಲಿನ ಕೊನೆಗೆ ಹೋದಳು.

ಅವಳ ಸರದಿ ಬಂದಾಗ ಎಂಟು ದಾಟಿತ್ತು. ಕಂಟ್ರಾಕ್ಟರು ನನ್ನ ಹೆಗಲ ಮೇಲಿಂದ ಬಗ್ಗಿ, "ಇದಕ್ಕೇನು ದರ?" ಎಂದರು.

"ಬೋರ್ಡಲ್ಲಿ ಇಲ್ಲ ಸಾರ್" ಎಂದೆ.

"ಎರಡು ಕಾಲಿಂದು, ಕೋಳಿ ಲೆಕ್ಕ. ಬುಟ್ಬುಡಿ ಸಾರ್, ಪಾಪ" ಎಂದ ಸಾಲಿನಲ್ಲಿದ್ದ ಒಬ್ಬ ಮುದುಕ.

"ಯಾವ್ ಕೋಳಿ ಕಣ್ರೀ ಇದು? ನನ್ನಷ್ಟೇ ಎತ್ತರ ಐತೆ. ಕುರಿಗಿಂತ ಜಾಸ್ತಿ ಮಾಂಸ ಬೀಳುತ್ತೆ. ಕುರಿ ದರ ಹಾಕು. ತಲೆಗಿಷ್ಟು, ಎಂಟು ತಲೆ."

"ಕಾಲು ಅರ್ಧ ಇದಾವಲ್ಲ ಸಾರ್, ಅರ್ಧ ಕುರಿ ದರ ಹಾಕಿ!" ಎಂದು ಇನ್ನೊಬ್ಬ ಕೂಗಿದ. ಮತ್ತೆ ನಗು.

ಅಕ್ಕ, "ಸುಂಕ ಇಲ್ಲ ಅಂದಿದ್ರು" ಎಂದಳು.

"ಯಾರಮ್ಮ ಅಂದಿದ್ದು?" ಕಂಟ್ರಾಕ್ಟರು ಕೇಳಿದರು.

ನಾನು ಚೀಟಿ ಪುಸ್ತಕದ ಹಾಳೆ ತಿರುವಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. "ಯಾರೋ ಅಂದ್ರು ಸಾರ್. ಗೊತ್ತಿಲ್ದೋರು" ಎಂದಳು.

ಅವಳ ಹತ್ತಿರ ಅಷ್ಟು ಹಣ ಇರಲಿಲ್ಲ. ನನ್ನ ಜೇಬಿನಲ್ಲಿ ಹಬ್ಬಕ್ಕೆ ಕೊಟ್ಟ ಸಂಬಳವಿತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದು ನನ್ನ ತೊಡೆಗೆ ಒತ್ತುತ್ತಿತ್ತು. ಯಾರೋ ಪಾಪದ ಹೆಂಗಸು, ಸಹಾಯ ಮಾಡುತ್ತೇನೆ ಎಂದು ನೆಪ ಹೇಳಿಯಾದರೂ ಕೊಡಬಹುದಿತ್ತು. ಕೊಡಲಿಲ್ಲ. ಅಕ್ಕ ಸಾಹೇಬರ ಅಂಗಡಿಗೆ ಹೋಗಿ ಮುಂಗಡ ತರುತ್ತೇನೆಂದು, ಹಕ್ಕಿಗಳನ್ನು ಅಲ್ಲೇ ಬಿಟ್ಟು, ಸಿಟಿ ಬಸ್ ಹಿಡಿಯಲು ನಡೆದಳು. ಹೋಗುವ ಮುಂಚೆ ಕಿಟಕಿಗೆ ಬಂದು, "ಸಾರ್, ಆಟೋನ ಸ್ವಲ್ಪ ಆ ಹೊಂಗೆ ಮರದ ಕೆಳಗೆ ನಿಲ್ಸೋಕೆ ಹೇಳ್ತೀರಾ? ಅವಕ್ಕೆ ಬಿಸ್ಲು ತಡಿಯಲ್ಲ" ಎಂದಳು.

ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಓಡಾಡಿದ ಅಕ್ಕ ನನ್ನನ್ನು ಸಾರ್ ಎಂದಳು. ನನ್ನ ಮಾನ ಕಾಯಲು.

ನಾನು "ನೋಡಣ" ಎಂದೆ.

ಆಟೋದವನು ಎಲ್ಲೋ ಟೀ ಕುಡಿಯಲು ಹೋಗಿದ್ದ. ಹೊಂಗೆ ಮರ ಕಿಟಕಿಯಿಂದ ಮೂವತ್ತು ಹೆಜ್ಜೆಯೂ ಇರಲಿಲ್ಲ. ಎದ್ದು ಹೋಗಿ ನಾಲ್ಕು ಜನರನ್ನು ಕರೆದು ತಳ್ಳಿಸಿದ್ದರೆ ಆಗುತ್ತಿತ್ತು, ಒಂದು ಕೊಡ ನೀರು ಚಿಮುಕಿಸಿದ್ದರೂ ಸಾಕಿತ್ತು. ಆದರೆ ಎದ್ದರೆ ಕಂಟ್ರಾಕ್ಟರು ನಿನಗ್ಯಾಕೆ ಅಷ್ಟು ಕಾಳಜಿ ಎಂದು ಕೇಳುತ್ತಾರೆ. ನಾನು ಕುರಿ ಚೀಟಿ ಬರೆಯುತ್ತಾ ಕೂತೆ. ಪ್ರತಿ ಚೀಟಿ ಹರಿದಾಗ ಕಣ್ಣು ಆಟೋದ ಕಡೆ ಹೋಗುತ್ತಿತ್ತು. ಎಂಟು ಕತ್ತುಗಳಿದ್ದವು. ಸ್ವಲ್ಪ ಹೊತ್ತಿಗೆ ಏಳು. ಬಿಸಿಲು ಏರಿ ಆಟೋದ ತಗಡು ಹೊಳೆಯತೊಡಗಿತು. ಆರು. ಹೆಣ್ಣುಗಳು ತಮಟೆಯ ಸದ್ದು ಮಾಡುತ್ತಿದ್ದವು, ಆಮೇಲೆ ಅದೂ ನಿಂತಿತು. ಬಾಯಿ ತೆರೆದುಕೊಂಡ ನಾಲ್ಕು ಕತ್ತುಗಳು ಕಂಡವು. ಕೊನೆಗೆ ಮೂರು.

ಅಕ್ಕ ಬಂದಾಗ ಹತ್ತೂಕಾಲು. ಸ್ವಲ್ಪ ತಡವಾದರೂ ಸಾಹೇಬರು ತೆಗೆದುಕೊಂಡಾರು ಎಂಬ ಆಸೆ ಅವಳಿಗೆ ಇತ್ತೇನೋ. ಬಸ್ ಸ್ಟಾಪಿನಿಂದ ಸೀದಾ ಕಿಟಕಿಗೇ ಓಡಿಕೊಂಡು ಬಂದಿದ್ದಳು. ಆಟೋ ನಿಂತ ಜಾಗವನ್ನು ಅವಳು ಬೆನ್ನಿಗೆ ಹಾಕಿ ನಿಂತಿದ್ದರಿಂದ ಅವಳಿಗೆ ಏನೂ ಕಾಣಲಿಲ್ಲ. ನನಗೆ ಕಾಣುತ್ತಿತ್ತು. ಬೆವರಿನಲ್ಲಿ ಒದ್ದೆಯಾದ ನೋಟುಗಳನ್ನು ಕಿಟಕಿಯೊಳಗಿಟ್ಟಳು.

"ಹೆಸ್ರು?" ಎಂದೆ. ಹೇಳಿದಳು. ಬರೆದೆ.

ಚೀಟಿಯಲ್ಲಿ ಮುಂದಿನ ಗೆರೆ, ತಂದೆ ಅಥವಾ ಗಂಡನ ಹೆಸರು. "ತಂದೆದೋ ಗಂಡಂದೋ, ಯಾವ್ದಾದ್ರೂ ಒಂದು ಹೇಳಮ್ಮ" ಎಂದೆ. ಮದುವೆಯಾದ ಹೆಂಗಸರು ಗಂಡನ ಹೆಸರನ್ನೇ ಹೇಳುತ್ತಾರೆ. ಅಕ್ಕ ಹೇಳಲಿಲ್ಲ. ಅಪ್ಪನ ಹೆಸರು ಹೇಳಿದಳು. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ಸ್ಲೇಟಿನ ಮುಂದೆ ಹೇಳಿಕೊಡುತ್ತಿದ್ದಳಲ್ಲ, ಹಾಗೆ. ಆಗಲಾದರೂ ನಾನು ತಲೆಯೆತ್ತುತ್ತೇನೆ ಎಂದುಕೊಂಡಿದ್ದಳೋ ಏನೋ.

ನಾನು ಅಪ್ಪನ ಹೆಸರನ್ನು ದುಂಡಗೆ ಬರೆದೆ. ತಲೆಯೆತ್ತಲಿಲ್ಲ.

ಕೆಳಗಿನ ಗೆರೆಯಲ್ಲಿ ತಲೆಗಳ ಸಂಖ್ಯೆ. ಮೂರು ಕತ್ತುಗಳು ನನ್ನ ಕಣ್ಣೆದುರಿಗಿದ್ದವು. ನಾನು ಎಂಟು ಎಂದು ಬರೆದು, ಎಂಟಕ್ಕೂ ಹಣ ಎಣಿಸಿಕೊಂಡು, ಚೀಟಿ ಹರಿದು ಕೊಟ್ಟೆ.

ಡಾಕ್ಟರು ಬಂದು ಬಲೆ ಎತ್ತಿಸಿದರು. ಐದು ಹಕ್ಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಅವರು ಒಂದನ್ನು ಮುಟ್ಟಿ ನೋಡಿ, ಇನ್ನೊಂದರ ಕಣ್ಣು ಬಿಡಿಸಿ ನೋಡಿ, "ಹೋಗ್ಬುಟ್ಟವಮ್ಮ. ಸತ್ತದ್ದಕ್ಕೆ ನಾನು ಸೀಲ್ ಹಾಕಕ್ಕಾಗಲ್ಲ. ನಿಂತಿರೋ ಮೂರನ್ನ ಒಳಗೆ ಬಿಡ್ತೀನಿ" ಎಂದರು. ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಹೇಳಿದರು. "ಇಷ್ಟೊತ್ತು ಬಿಸಿಲಲ್ಲಿ ಯಾಕ್ ನಿಲ್ಸಿದ್ರಿ? ನೆರಳು ಅಲ್ಲೇ ಇತ್ತಲ್ಲ."

ಅಕ್ಕ ಕಿಟಕಿಯ ಕಡೆ ತಿರುಗಿ ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಇವನಿಗೆ ಏನಾಯಿತು ಎಂದು ನೋಡುವ ಹಾಗಿತ್ತು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಹಾಗೆ ನೋಡುತ್ತಿದ್ದಳು.

ಐದರ ಸುಂಕವನ್ನಾದರೂ ವಾಪಸ್ ಕೊಡಿ ಎಂದು, ತನ್ನ ಕೆಲಸ ಮುಗಿಸಿ ಹೊರಟಿದ್ದ ಬೆಳಗಿನ ಮುದುಕ ಅವಳ ಪರವಾಗಿ ಕೇಳಿದ. "ಬರೆದ ಚೀಟಿಗೆ ವಾಪಸ್ ಇಲ್ಲ" ಎಂದರು ಕಂಟ್ರಾಕ್ಟರು. ನಿಯಮ ಹಾಗೇ ಇತ್ತು, ಅವರು ಸುಳ್ಳು ಹೇಳಲಿಲ್ಲ. ಸಾಹೇಬರ ಹತ್ತು ಗಂಟೆ ಕೂಡ ಮೀರಿತ್ತು. ಅಕ್ಕ ಉಳಿದ ಮೂರನ್ನು ಒಳಗೆ ಬಿಡಲಿಲ್ಲ. ಸತ್ತ ಐದನ್ನೂ ಬದುಕಿದ ಮೂರನ್ನೂ ಅದೇ ಆಟೋದಲ್ಲಿ ಕೆಸರೆಗೆ ವಾಪಸ್ ಕರೆದುಕೊಂಡು ಹೋದಳು. ಹೊರಡುವಾಗ ಬೋರಿನ ನೀರನ್ನು ಬಕೆಟ್ಟಿನಲ್ಲಿ ತಂದು ಮೂರರ ಮೇಲೂ ಸುರಿದಳು. ಒಂದು ಹಕ್ಕಿ ಅವಳ ಕೊರಳಿನ ಟೇಪನ್ನು ಎಳೆಯಿತು.

ನಾನು ಕೆಸರೆಗೆ ಹೋದದ್ದು ಮೂರನೇ ದಿನ. ಹಿತ್ತಿಲಲ್ಲಿ ಒಂದು ದೊಡ್ಡ ಗುಂಡಿ ತೋಡಿ ಮುಚ್ಚಿದ್ದರು. ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಅವಳು ಕಿರುಚುತ್ತಾಳೆ, ಅಳುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೇ ಹೋಗಿದ್ದೆ. "ಊಟ ಆಯ್ತೇನೋ?" ಎಂದಳು. ಬೇವುಬೆಲ್ಲ ಎತ್ತಿಟ್ಟಿದ್ದಳು, ಕೊಟ್ಟಳು. ತಿಂದೆ. ಆ ದಿನದ ಮಾತು ಅವಳು ಆಡಲಿಲ್ಲ, ನಾನೂ ಆಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಹತ್ತು ವರ್ಷ ಕಳೆದೆ. ಅಷ್ಟು ವರ್ಷವೂ ಅವಳ ಕೈ ಅಡುಗೆ ಉಂಡೆ. ಸಾಹೇಬರ ಮುಂಗಡವನ್ನು ಅವಳು ಅವರ ಮನೆಯ ಹೆಂಗಸರ ಬಟ್ಟೆ ಹೊಲಿದು ತೀರಿಸಿದಳು. ನಾನು ಕೊಡಲು ಹೋದರೆ "ಬುಡು, ಇರ್ಲಿ" ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಹೊಸತೊಡಕಾದ ಮುಂದಿನ ವಾರವೇ ಬೋರ್ಡಿಗೆ ಹೊಸ ಸಾಲು ಸೇರಿಸಬೇಕೆಂದು ಹೇಳಿದರು. ಎಮು, ಕುರಿ ದರ. ನಿನ್ನ ಅಕ್ಷರ ಚೆನ್ನಾಗಿದೆ ಎಂದು ಬಣ್ಣ, ಕುಂಚ ನನ್ನ ಕೈಗೇ ಕೊಟ್ಟರು. ಸ್ಟೂಲಿನ ಮೇಲೆ ನಿಂತು ಬರೆದೆ. ನಾನು ಆ ಕೆಲಸದಲ್ಲಿ ಇರುವವರೆಗೂ ಆ ಸಾಲಿಗೆ ಒಂದು ಹಕ್ಕಿಯೂ ಬರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಆಯಿತು. ಆಸ್ಪತ್ರೆಗೆ ಸೇರಿಸಲು ಕರೆದುಕೊಂಡು ಹೋಗಿದ್ದೆ. ಅಲ್ಲೂ ಒಂದು ಕಿಟಕಿ, ಒಳಗೆ ಬರೆಯುವ ಹುಡುಗಿ. ನನ್ನನ್ನು ತೋರಿಸಿ, "ಇವರು ನಿಮಗೆ ಏನಾಗಬೇಕಮ್ಮ?" ಎಂದು ಅಕ್ಕನನ್ನು ಕೇಳಿದಳು. ನೋವಿಗೆ ಬಗ್ಗಿ ನಿಂತಿದ್ದ ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ನನ್ ತಮ್ಮ ಕಣಮ್ಮ" ಎಂದಳು. "ನಾನೇ ಸಾಕಿದ್ದು."

ಹಿಂದೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು. ನಾನು ಆ ಕಾಗದಕ್ಕೆ ಸಹಿ ಹಾಕಿದೆ. ಅವಳು ಮತ್ತೆ ಮನೆಗೆ ಬರಲಿಲ್ಲ. ಕೊನೆಯ ದಿನಗಳಲ್ಲಿ ಎರಡು ಸಲ ಅಕ್ಕಾ ಎಂದು ಶುರುಮಾಡಿದೆ. ಎರಡು ಸಲವೂ ಅವಳು, "ಹಕ್ಕಿಗೆ ನೀರಿಟ್ಟೇನೋ?" ಎಂದು ಕೇಳಿದಳು. ಇಟ್ಟೆ ಎಂದೆ. ಅಷ್ಟಕ್ಕೇ ನಿಂತಿತು.

ಮೂರರಲ್ಲಿ ಈಗ ಒಂದೇ ಉಳಿದಿದೆ, ಒಂದು ಗಂಡು. ಆ ಕೆಲಸ ಬಿಟ್ಟು ನಾನು ಕೆಸರೆಯ ಮನೆಗೇ ಬಂದಿದ್ದೇನೆ. ಮೇವು, ಸೊಪ್ಪು, ನೀರು ಎಲ್ಲ ಇಡುತ್ತೇನೆ. ಬಿಸಿಲು ಏರುವ ಮುಂಚೆ ಚಪ್ಪರಕ್ಕೆ ಗೋಣಿ ಹೊದಿಸಿ ನೀರು ಹಾಕುತ್ತೇನೆ. ನಾನಿರುವಾಗ ಅದು ಹತ್ತಿರ ಬರುವುದಿಲ್ಲ. ಮೂಲೆಯಲ್ಲಿ ನಿಂತು, ನಾನು ಹೋದ ಮೇಲೆ ತಿನ್ನುತ್ತದೆ. ಒಂದು ದಿನ ಅಕ್ಕನ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹೋದೆ. ಅದು ಹಿಂದಿನಿಂದ ಬಂದು ಟೇಪಿನ ತುದಿ ಹಿಡಿದು ಎಳೆಯಿತು. ನಾನು ತಿರುಗಿದೆ. ಅದು ನನ್ನ ಮುಖ ನೋಡಿ, ಟೇಪು ಬಿಟ್ಟು, ಮೂಲೆಗೆ ಹೋಯಿತು. ಟೇಪನ್ನು ತಂದು ಮೆಷಿನ್ನಿನ ಮೇಲಿಟ್ಟೆ. ಮತ್ತೆ ಹಾಗೆ ಮಾಡಿಲ್ಲ.

ರಸ್ತೆಯಲ್ಲಿ ಹೋಗುವವರು ಗೋಡೆಯ ಮೇಲೆ ಅದರ ಕತ್ತು ಕಂಡು ನಿಲ್ಲುತ್ತಾರೆ. ಮಕ್ಕಳು ಒಂಟೆಕೋಳಿ ಎಂದು ಕೂಗುತ್ತಾರೆ. ದೊಡ್ಡವರೂ ನಗುತ್ತಾರೆ. "ಯಾರ್ದ್ರೀ ಇದು?" ಎಂದು ಕೇಳುತ್ತಾರೆ.

ನಾನು ಎಲ್ಲಿದ್ದರೂ ಎದ್ದು ಗೇಟಿನವರೆಗೆ ಹೋಗುತ್ತೇನೆ.

"ನಮ್ಮಕ್ಕಂದು" ಎನ್ನುತ್ತೇನೆ.